ಮೂರು ದಿನ ಮನೆಯಲ್ಲಿದ್ದ ವಜ್ರ

ನಿಂಬೆಹಣ್ಣಿನಿಂದ ರಕ್ತ ಇಳಿಸುವ ಬೈರಯ್ಯನೆಂದರೆ ಚಾಮರಾಜಪೇಟೆಯ ಸುತ್ತಮುತ್ತ ಗೊತ್ತಿಲ್ಲದವರಿಲ್ಲ. ಮಲ್ಲೇಶ್ವರದ ಒಂದು ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಅವನು ಸಹಾಯಕ. ವಾರದಲ್ಲಿ ಆರು ದಿನ ಗಾಜಿನ ಸಾಮಾನು ಜೋಡಿಸಿ, ಆ್ಯಸಿಡ್ ಅಳೆದುಕೊಟ್ಟು, ಹುಡುಗರು ಚೆಲ್ಲಿದ್ದನ್ನು ಒರೆಸಿ ಬರುವವನು ಏಳನೆಯ ದಿನ ತಗಡಿನ ಪೆಟ್ಟಿಗೆ ಹೆಗಲಿಗೇರಿಸಿ ಹೊರಡುತ್ತಿದ್ದ. ಶಾಲೆಯೋ, ಸಂಘವೋ, ಯಾವುದೋ ಓಣಿಯ ಅರಳಿಕಟ್ಟೆಯೋ, ಕರೆದಲ್ಲಿಗೆ ಹೋಗಿ ಪವಾಡ ಬಯಲು ಮಾಡುತ್ತಿದ್ದ. ಚಾಕುವಿಗೆ ಮೊದಲೇ ಮೀಥೈಲ್ ಆರೆಂಜ್ ಬಳಿದಿಟ್ಟು ನಿಂಬೆಹಣ್ಣು ಕುಯ್ದರೆ ಕೆಂಪಗೆ ತೊಟ್ಟಿಕ್ಕುತ್ತದೆ. ತೆಂಗಿನಕಾಯಿಯ ಜುಟ್ಟಿನಲ್ಲಿ ಸೋಡಿಯಂ ಚೂರು ಅಡಗಿಸಿ ನೀರು ಚಿಮುಕಿಸಿದರೆ ಭಗ್ ಎಂದು ಹೊತ್ತಿಕೊಳ್ಳುತ್ತದೆ. ಮೊದಲು ಜನ ಕೆನ್ನೆ ಬಡಿದುಕೊಳ್ಳುವ ಹಾಗೆ ಮಾಡುವುದು, ಆಮೇಲೆ ಗುಟ್ಟು ಹೇಳಿ ನಗಿಸುವುದು ಅವನ ವರಸೆ.

"ಕಣ್ಣಿಗೆ ಮಣ್ಣೆರಚೋರು ಇರೋಗಂಟ ಕಣ್ಣು ತೊಳೆಯೋನೂ ಒಬ್ಬ ಇರ್ಬೇಕು" ಎನ್ನುತ್ತಿದ್ದ. ಆ ಮಾತಿನಲ್ಲಿ ಸ್ವಲ್ಪ ಗರ್ವವಿತ್ತು. ಇರಬಾರದೇ? ಅಪ್ಪ ಕಾಟನ್‌ಪೇಟೆಯ ಮಂಡಿಗಳಲ್ಲಿ ಮೂಟೆ ಹೊತ್ತವನು. ಬೈರಯ್ಯ ಎಸ್ಸೆಸ್ಸೆಲ್ಸಿ ಮುಗಿಸಿ ಕೆಲಸಕ್ಕೆ ಸೇರಿ, ಮೇಷ್ಟರುಗಳು ಓದಿ ಬಿಸಾಡಿದ ಪುಸ್ತಕಗಳನ್ನೇ ಓದಿಕೊಂಡು, ಎಂಎಸ್ಸಿ ಹುಡುಗರಿಗೆ ತಪ್ಪು ತೋರಿಸುವಷ್ಟು ಕಲಿತಿದ್ದ. ಮನೆಯ ಗೋಡೆಯಲ್ಲಿ ಬುದ್ಧ, ಅಂಬೇಡ್ಕರ್ ಫೋಟೊ ಬಿಟ್ಟರೆ ಬೇರೆ ದೇವರಿಲ್ಲ. ಅವನನ್ನು ಸಾಕಿದ ಅಕ್ಕ ಮಾರಕ್ಕ ಮಾತ್ರ ತಮ್ಮನ ಕಣ್ಣುತಪ್ಪಿಸಿ ಮಾರಮ್ಮನ ಗುಡಿಗೆ ಹೋಗಿಬರುತ್ತಿದ್ದಳು. ಹಣೆಯ ಕುಂಕುಮ ನೋಡಿ ಇವನು ರೇಗಿಸುತ್ತಿದ್ದ. ಅವಳು, "ನಿನ್ನ ಬುದ್ಧಪ್ಪನೇ ಸುಮ್ಕವ್ನೆ, ನಿಂದೇನ್ಲಾ?" ಎನ್ನುತ್ತಿದ್ದಳು.

ನಲವತ್ತೊಂದು ವರ್ಷವಾದರೂ ಮದುವೆಯಾಗಿರಲಿಲ್ಲ. ಹೆಣ್ಣು ನೋಡಲು ಹೋದ ಮನೆಯಲ್ಲಿ ಯಾರಾದರೂ ಜಾತಕ ಎಂದರೆ ಸಾಕು, ಕೊಟ್ಟ ಕಾಫಿಯನ್ನು ಹಾಗೇ ಇಟ್ಟು ಎದ್ದು ಬರುವವನು. ಎದ್ದು ಬರುತ್ತಾ ಬರುತ್ತಾ ತಲೆಯಲ್ಲಿ ಬಿಳಿಕೂದಲು ಕಾಣಿಸಿಕೊಂಡಿತು.

ರಂಜಿನಿ ಟೀಚರ್ ಪರಿಚಯವಾದದ್ದು ತೊಂಬತ್ತೇಳನೆಯ ಇಸವಿಯಲ್ಲಿ. ಚಾಮರಾಜಪೇಟೆಯ ಸರ್ಕಾರಿ ಪ್ರೈಮರಿ ಶಾಲೆಯೊಂದರಲ್ಲಿ ಕಾರ್ಯಕ್ರಮ ಮುಗಿಸಿ ಅವನು ಪೆಟ್ಟಿಗೆ ಕಟ್ಟುತ್ತಿದ್ದಾಗ ಅವಳು ಹತ್ತಿರ ಬಂದು ಕೇಳಿದ್ದಳು:

"ಸಾರ್, ಕಾಲ್ಗುಣಕ್ಕೆ ಯಾವ್ದಾದ್ರೂ ಪ್ರಯೋಗ ಇದೆಯಾ?"

"ಯಾಕೆ ಮೇಡಂ?"

"ನನ್ನ ಕಾಲ್ಗುಣ ಸರಿಯಿಲ್ವಂತೆ. ಒಂದ್ಸಲ ಟೆಸ್ಟ್ ಮಾಡ್ಸೋಣ ಅಂತ."

ಬಾಯಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ. ಸಿಟಿ ಬಸ್ಸಿನ ಕಂಡಕ್ಟರೊಬ್ಬನಿಗೆ ಅವಳನ್ನು ಕೊಟ್ಟಿದ್ದರು. ಮದುವೆಯಾಗಿ ಹನ್ನೊಂದನೆಯ ತಿಂಗಳಿಗೆ ಅವನಿಗೆ ಜ್ವರ ಬಂತು. ಅತ್ತೆ ಎಂಟು ದಿನ ತಾಯಿತ ಕಟ್ಟಿಸಿ, ಮಂತ್ರಿಸಿದ ನೀರು ಕುಡಿಸಿ, ಒಂಬತ್ತನೆಯ ದಿನ ದೊಡ್ಡಾಸ್ಪತ್ರೆಗೆ ಹೊತ್ತೊಯ್ಯುವಷ್ಟರಲ್ಲಿ ಕೈಮೀರಿತ್ತು. ತಿಥಿ ಮುಗಿದ ದಿನವೇ ಸೊಸೆಯ ಟ್ರಂಕು ಬೀದಿಗೆ ಬಂತು. ಕಾಲಿಟ್ಟವಳು ಮಗನನ್ನು ತಿಂದಳು ಎಂದರು. ಅಂದಿನಿಂದ ಅವಳು ಟೀಚರ್ ತರಬೇತಿಯ ಟಿಸಿಎಚ್ ಓದಿ, ಕೆಲಸ ಹಿಡಿದು, ಶಾಲೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಮಾಡಿಕೊಂಡು ಒಬ್ಬಳೇ ಇದ್ದಳು.

ಬೈರಯ್ಯ ಪೆಟ್ಟಿಗೆಯ ಹಗ್ಗ ಬಿಗಿಯುತ್ತಾ ಹೇಳಿದ: "ಕಾಲು ಇರೋದು ನಡಿಯೋಕೆ ಮೇಡಂ. ಅದರಲ್ಲಿ ಗುಣ ಹುಡುಕೋರಿಗೆ ತಲೇಲೇ ಗುಣ ಇಲ್ಲ."

ಆಗ ಅವಳು ನಿಜವಾಗಿ ನಕ್ಕಳು. ಆ ನಗುವಿಗೆ ಬೈರಯ್ಯ ಬಿದ್ದ. ಒಂದು ವರ್ಷ ಅವಳು ಅವನ ಕಾರ್ಯಕ್ರಮಗಳಿಗೆ ಬಂದು ತೆಂಗಿನಕಾಯಿಗೆ ನೀರು ಚಿಮುಕಿಸಿದಳು, ಹಿಂದಿರುಗುವಾಗ ಹೋಟೆಲಿನಲ್ಲಿ ಬೈಟು ಕಾಫಿ ಹಂಚಿಕೊಂಡಳು. ಅವನು ಮಾತ್ರ ಬಾಯಿ ಬಿಡಲಿಲ್ಲ.

"ಕೇಳ್ಬುಡ್ಲಾ ಬೈರ" ಎಂದಳು ಮಾರಕ್ಕ. "ಬಾಯಿ ಇರೋದು ಬರೀ ಭಾಸಣಕ್ಕಾ? ಅವ್ಳಿಗೂ ವಯಸ್ಸು ಮೂವತ್ನಾಲ್ಕು. ನಿಂಗೋಸ್ಕರ ಎಳೇದಾಗ್ತಾ ಓಗ್ತಾಳಾ?"

ಕೇಳಬೇಕು ಎಂದು ನಿಶ್ಚಯಿಸಿದ ಮೇಲೆ ಹೇಗೆ ಕೇಳುವುದೆಂದು ಯೋಚಿಸಿದ. ಅಂಗಡಿ ಬೋರ್ಡುಗಳಲ್ಲೆಲ್ಲ ಆಗ ವಜ್ರದುಂಗುರದ ಜಾಹೀರಾತು. ಚಿನ್ನವಾದರೆ ಎಲ್ಲರೂ ಕೊಡುತ್ತಾರೆ. ವಜ್ರವೆಂದರೆ ಅವನಿಗೆ ತನ್ನ ವಿದ್ಯೆಯ ವಸ್ತು. "ಇದ್ದಿಲಿಗೂ ವಜ್ರಕ್ಕೂ ಕುಲ ಒಂದೇ ಮೇಡಂ. ನೆಲ ಒತ್ತಿದ ರೀತಿ ಮಾತ್ರ ಬೇರೆ" ಎಂದು ಶುರುಮಾಡಿ ಕೊನೆಗೆ ಮದುವೆಯ ಮಾತಿಗೆ ಬರುವುದೆಂದು ಭಾಷಣ ಹೊಸೆದಿಟ್ಟುಕೊಂಡ. ಬಾಯಲ್ಲಿ ಹಿಡಿಸದಷ್ಟು ಚೆನ್ನಾಗಿತ್ತು.

ಬೆರಳಿನ ಅಳತೆಯೊಂದು ಬೇಕಿತ್ತು. ಲ್ಯಾಬಿನ ಬಿರಡೆಗಳಿಗೆ ತೂತು ಕೊರೆಯುವ ಕೊಳವೆಗಳಿವೆ, ಒಂದಕ್ಕಿಂತ ಒಂದು ದಪ್ಪ. ಆರು ಬಿರಡೆಗೆ ಆರು ಅಳತೆಯ ತೂತು ಕೊರೆದು ಅವಳ ಶಾಲೆಗೆ ಒಯ್ದ. "ಬೆಳಗ್ಗೆಗೂ ಸಂಜೆಗೂ ಮನುಷ್ಯರ ಬೆರಳು ಊದ್ತದೆ, ಅದರ ಲೆಕ್ಕ ತಗೋತಿದೀನಿ" ಎಂದು ಸ್ಟಾಫ್ ರೂಮಿನ ಎಲ್ಲ ಟೀಚರುಗಳ ಬೆರಳನ್ನೂ ಬಿರಡೆಗೆ ತೂರಿಸಿದ. ಹೆಡ್‌ಮಾಸ್ಟರರ ಬೆರಳು ಸಿಕ್ಕಿಕೊಂಡು ಸೋಪು ಹಚ್ಚಿ ಬಿಡಿಸಬೇಕಾಯಿತು. ರಂಜಿನಿಗೆ ಮೂರನೆಯ ಬಿರಡೆ ಹೇಳಿ ಮಾಡಿಸಿದಂತೆ ಕೂತಿತು.

ಸಂಪಿಗೆ ರಸ್ತೆಯ ಪಕ್ಕದ ಓಣಿಯಲ್ಲಿ ಶ್ರೀನಿವಾಸಯ್ಯನವರ ಹಳೆಯ ಅಂಗಡಿ. ಗಾದಿ, ಒರಗುದಿಂಬು, ಒಂದು ಭೂತಗನ್ನಡಿ, ಅಷ್ಟೇ ಆಡಂಬರ. ಬಿರಡೆಯನ್ನು ಅವರು ತಿರುಗಿಸಿ ತಿರುಗಿಸಿ ನೋಡಿದರು.

"ಐವತ್ತು ವರ್ಷದಿಂದ ವ್ಯಾಪಾರ ಮಾಡ್ತಿದೀನಿ ಸ್ವಾಮಿ. ದಾರ ತಂದಿದಾರೆ, ಹಳೇ ಉಂಗುರ ತಂದಿದಾರೆ. ಔಷಧಿ ಸೀಸೆ ಬಿರಡೆ ತಂದೋರು ನೀವೇ ಮೊದಲು."

ಒಂದೊಂದೇ ಕಾಗದದ ಪೊಟ್ಟಣ ಬಿಚ್ಚಿ ಕಲ್ಲು ತೋರಿಸಿದರು. ಬೈರಯ್ಯ ಭೂತಗನ್ನಡಿಯಲ್ಲಿ ಇಣುಕಿ ಇಣುಕಿ ಮೆಣಸಿನ ಕಾಳಿಗಿಂತ ಚಿಕ್ಕದಾದ ಒಂದನ್ನು ಆರಿಸಿದ. ಒಳಗೆ ಚುಕ್ಕೆಯಿಲ್ಲ, ಗೆರೆಯಿಲ್ಲ, ಬೆಳಗಿನ ಹೊತ್ತಿನ ನೀರಿನಂತಿತ್ತು. ದುಡ್ಡು ಎಣಿಸಲು ಹೋದರೆ ಶ್ರೀನಿವಾಸಯ್ಯ ಕೈ ಅಡ್ಡ ಹಿಡಿದರು.

"ಈಗಲೇ ಬೇಡ. ಮೂರು ದಿನ ಮನೇಲಿಟ್ಕೊಂಡು ನೋಡಿ. ವಜ್ರ ಎಲ್ರಿಗೂ ಆಗಿಬರಲ್ಲ. ಆಗಿಬಂದ್ರೆ ಉಂಗುರಕ್ಕೆ ಕೂರಿಸೋಣ. ಇಲ್ದಿದ್ರೆ ವಾಪಸ್ ತನ್ನಿ, ಯಾಕೆ ಅಂತ ನಾನು ಕೇಳಲ್ಲ."

ಬೈರಯ್ಯ ದೊಡ್ಡದಾಗಿ ನಕ್ಕ. "ಯಜಮಾನ್ರೇ, ನಾನು ಇಂಥದನ್ನೆಲ್ಲ ಬಯಲು ಮಾಡೋನು. ಕಲ್ಲಿಗೇನು ಗೊತ್ತು ಯಾರ ಮನೆ ಅಂತ?"

"ಮಾಡಿ ಸ್ವಾಮಿ, ಯಾರು ಬೇಡ ಅಂದ್ರು? ನಮ್ಮ ತಂದೆ ಕಾಲದಿಂದ ಅಂಗಡಿ ಪದ್ಧತಿ. ನನ್ನ ಸಮಾಧಾನಕ್ಕೆ ತಗೊಂಡ್ಹೋಗಿ."

ಮುದುಕರ ಸಮಾಧಾನಕ್ಕೆ ತಾನೇ ಎಂದು ಪೊಟ್ಟಣವನ್ನು ಜೇಬಿಗಿಳಿಸಿದ. ಮನೆಗೆ ಹೋಗಿ ಅಕ್ಕನ ಮುಂದೆ ಇದನ್ನೊಂದು ತಮಾಷೆಯೆಂದೇ ಹೇಳಿದ. ಅವಳು ನಗಲಿಲ್ಲ. ಟ್ರಂಕಿನಲ್ಲಿಟ್ಟ ಪೊಟ್ಟಣದ ಕಡೆಗೆ ಮಗ್ಗುಲ ಮನೆಯ ಕಚ್ಚುವ ನಾಯಿಯನ್ನು ನೋಡುವ ಹಾಗೆ ನೋಡಿದಳು.

ಮೊದಲನೆಯ ದಿನ ಹಾಲು ಒಡೆಯಿತು. "ನಿನ್ನೆ ಪ್ಯಾಕೆಟ್ಟು ಅಕ್ಕ" ಎಂದ. ಎರಡನೆಯ ದಿನ ಬಚ್ಚಲಲ್ಲಿ ಮಾರಕ್ಕ ಜಾರಿ ಬಿದ್ದು ಬಲ ಮಣಿಕಟ್ಟಿನ ಮೂಳೆ ಮುರಿಯಿತು. ಅಲ್ಲಿ ಪಾಚಿ ಕಟ್ಟಿತ್ತು. ಉಜ್ಜುತ್ತೇನೆ, ಉಜ್ಜುತ್ತೇನೆ ಎಂದು ಬೈರಯ್ಯ ಒಂದು ತಿಂಗಳಿಂದ ಹೇಳುತ್ತಿದ್ದ. ಕಟ್ಟು ಹಾಕಿಸಿಕೊಂಡು ಆಟೋದಲ್ಲಿ ಬರುವಾಗ ಮಾರಕ್ಕ ನರಳುತ್ತಾ, "ಆ ಕಲ್ಲ ಕೊಟ್ಬುಡ್ಲಾ ಮಗಾ" ಎಂದಳು. "ಸುಮ್ನಿರಕ್ಕ" ಎಂದ. ಹಿಂದಿನ ದಿನದಷ್ಟು ಗಟ್ಟಿಯಾಗಿ ಹೇಳಲಾಗಲಿಲ್ಲ.

ಮೂರನೆಯ ದಿನ ವ್ಯಾಪಾರ ಕುದುರಿಸಿಬಿಡಲು ಪೊಟ್ಟಣವನ್ನು ಕಾಲೇಜಿಗೇ ತಂದಿದ್ದ. ಲ್ಯಾಬಿನಲ್ಲಿ ಅವನಿಗೊಂದು ವ್ರತವಿತ್ತು. ಬಿಸಿ ಮಾಡುವ ಪ್ರತಿಯೊಂದು ಫ್ಲಾಸ್ಕನ್ನೂ ಉಗುರಿನಿಂದ ತಟ್ಟಿ, ಕಿಟಕಿಯ ಬೆಳಕಿಗೆ ಹಿಡಿದು, ಕೂದಲೆಳೆಯಷ್ಟೂ ಬಿರುಕಿಲ್ಲವೆಂದು ನೋಡಿಯೇ ಕೊಡುವುದು. ಹತ್ತೊಂಬತ್ತು ವರ್ಷ ಒಂದು ದಿನವೂ ತಪ್ಪಿರಲಿಲ್ಲ. ಅಂದು ಅವನ ತಲೆಯ ತುಂಬ ಇದ್ದಿಲು, ವಜ್ರ, ಭಾನುವಾರ. ತಟ್ಟದೆ, ನೋಡದೆ ಹಂಚಿಬಿಟ್ಟ. ಮಧ್ಯಾಹ್ನದ ತರಗತಿಯಲ್ಲಿ ಫಟ್ಟೆಂದು ಸದ್ದಾಯಿತು. ಪ್ರಿಯಂವದಾ ಎಂಬ ಬಿಎಸ್ಸಿ ಹುಡುಗಿ ಮುಖ ಮುಚ್ಚಿಕೊಂಡು ಕೂತಳು. ಬೆರಳ ಸಂದಿಯಿಂದ ಇಳಿದದ್ದು ಮೀಥೈಲ್ ಆರೆಂಜ್ ಅಲ್ಲ.

ಗಾಜು ಹುಬ್ಬನ್ನು ಸೀಳಿತ್ತು. ಅರ್ಧ ಅಂಗುಲ ಕೆಳಗಾಗಿದ್ದರೆ ಕಣ್ಣು. ನಾಲ್ಕು ಹೊಲಿಗೆ ಬಿತ್ತು. ಲೆಕ್ಚರರು, "ಪಾಪ, ಟೈಮ್ ಸರಿಯಿರಲಿಲ್ಲ" ಎಂದು ಕೈತೊಳೆದುಕೊಂಡರು. ಯಾರೂ ಬೈರಯ್ಯನನ್ನು ಏನೂ ಕೇಳಲಿಲ್ಲ. ಅವನ ಮೇಲೆ ಅಷ್ಟು ನಂಬಿಕೆ. ಚೂರುಗಳನ್ನು ಗುಡಿಸುವಾಗ ಒಂದು ತುಂಡಿನ ಅಂಚಿನಲ್ಲಿ ಹಳೆಯ ಬಿರುಕಿನ ಕಪ್ಪುಗೆರೆ ಕಾಣಿಸಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಸುತ್ತ ನೋಡಿ, ಆ ತುಂಡನ್ನು ಕಸದ ಡಬ್ಬಿಯ ತಳಕ್ಕೆ ತಳ್ಳಿದ.

ಆಮೇಲೆ ನಡೆದದ್ದನ್ನು ಬೈರಯ್ಯ ಎಷ್ಟೋ ದಿನ ತನಗೆ ತಾನೇ ಹೇಳಿಕೊಳ್ಳಲಾರದೆ ಹೋದ. ಕೈ ಜೇಬಿಗೆ ಹೋಯಿತು. ಪೊಟ್ಟಣ ಸಿಕ್ಕಿತು. ಹಾಲು, ಅಕ್ಕನ ಕೈ, ಈ ಹುಡುಗಿ, ಮೂರು ದಿನಕ್ಕೆ ಮೂರು ಎಂದು ಮನಸ್ಸು ಮಣಿ ಪೋಣಿಸಿತು. ಪೋಣಿಸಿದೊಡನೆ ಎದೆಯ ಮೇಲಿನ ಚಪ್ಪಡಿ ಯಾರೋ ಎತ್ತಿದಂತೆ ಹಗುರವಾಯಿತು. ಕುಣಿಯಲಾರದವಳಿಗೆ ನೆಲ ಡೊಂಕಾದದ್ದು ಹೀಗೇ ಇರಬೇಕು. ಸಂಜೆ ಐದಕ್ಕೆ ಲ್ಯಾಬಿಗೆ ಬೀಗ ಹಾಕಿ ಶ್ರೀನಿವಾಸಯ್ಯನವರ ಅಂಗಡಿ ಹತ್ತಿದ.

"ಬಣ್ಣ ಯಾಕೋ ಸ್ವಲ್ಪ ಹಳದಿ ಅನ್ನಿಸ್ತು ಯಜಮಾನ್ರೇ. ಬೇರೆ ತೋರಿಸಿ."

ಅವರು ಪೊಟ್ಟಣ ಇಸಿದುಕೊಂಡು, ಬಿಚ್ಚಿಯೂ ನೋಡದೆ ಡ್ರಾಯರಿಗೆ ಹಾಕಿದರು. "ಆಗ್ಲಿ ಸ್ವಾಮಿ. ಎಲ್ರೂ ಬಣ್ಣ ಅಂತಲೇ ಹೇಳೋದು."

ಅವರ ದನಿಯಲ್ಲಿ ಕೊಂಕಿರಲಿಲ್ಲ, ಅದಕ್ಕೇ ಹೆಚ್ಚು ಚುಚ್ಚಿತು. ಬೈರಯ್ಯನ ಕಿವಿ ಕಾದ ಕಾವಲಿಯಾಯಿತು. ಆದರೂ ಎರಡನೆಯ ಕಲ್ಲು ಆರಿಸಿದ. ಆದರೂ ಮೂರು ದಿನ ಮನೆಯಲ್ಲಿಟ್ಟ. ಹುಡುಗಿಗೆ ಏಟಾದದ್ದನ್ನೂ ಕಲ್ಲು ಬದಲಾಯಿಸಿದ್ದನ್ನೂ ಅಕ್ಕನಿಗೆ ಹೇಳಿದ. ಹಾಲು ಒಡೆಯಲಿಲ್ಲ, ಯಾರೂ ಬೀಳಲಿಲ್ಲ, ಫ್ಲಾಸ್ಕುಗಳನ್ನು ಅವನು ಎರಡೆರಡು ಸಲ ತಟ್ಟಿ ನೋಡಿದ. ನಾಲ್ಕನೆಯ ದಿನ ಬೆಳಗ್ಗೆ, ಸದ್ಯ, ಏನೂ ಆಗಲಿಲ್ಲ ಎಂದು ತನ್ನ ಬಾಯಿಂದಲೇ ಮಾತು ಹೊರಟಿತು. ಹಲ್ಲುಜ್ಜುತ್ತಿದ್ದವನು ಕನ್ನಡಿಯಲ್ಲಿ ಮುಖ ನೋಡಿಕೊಳ್ಳಲಾರದೆ ತಿರುಗಿ ನಿಂತ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಮಜ್ಜಿಗೆ ಗಡಿಗೆಗೆ ಬಿತ್ತಂತೆ. ಶಕುನವೇ ಇಲ್ಲವೆಂದು ಸಾರಿದ ಹಲ್ಲಿ ಬಿದ್ದದ್ದು ಇನ್ನೂ ದೊಡ್ಡ ಗಡಿಗೆಗೆ.

ಆ ಶುಕ್ರವಾರ ಅವನು ಕಾಲೇಜಿನಲ್ಲಿದ್ದಾಗ ರಂಜಿನಿ ಮೋಸಂಬಿ ಹಿಡಿದು ಮಾರಕ್ಕನನ್ನು ನೋಡಲು ಬಂದಿದ್ದಳು. "ಟೀಚರಮ್ಮ ಬಂದಿದ್ಲು, ಒಳ್ಳೇ ಎಣ್ಣು ಕಣ್ಲಾ" ಎಂದಷ್ಟೇ ಅಕ್ಕ ಹೇಳಿದಳು.

ಭಾನುವಾರ ಬೆಳಗ್ಗೆ ಬಸವನಗುಡಿಯ ಕಹಳೆ ಬಂಡೆಗೆ ಬರಹೇಳಿದ್ದ. ಇಸ್ತ್ರಿ ಮಾಡಿದ ಶರ್ಟು, ಜೇಬಿನಲ್ಲಿ ಕೆಂಪು ಮಖಮಲ್ಲಿನ ಡಬ್ಬಿ. ಅವಳು ನೀಲಿ ಸೀರೆಯುಟ್ಟು, ಬಂಡೆಯ ಮೇಲೆ ಚಪ್ಪಲಿ ಬಿಟ್ಟು ಕೂತಳು. ಬೈರಯ್ಯ ಇದ್ದಿಲಿನಿಂದ ಶುರುಮಾಡಿದ. ನೆಲದೊಳಗಿನ ಒತ್ತಡ ಹೇಳಿದ, ಕಾವು ಹೇಳಿದ. ಜನ ಹೆಣ್ಣಿನ ಕಾಲಿನಲ್ಲಿ ಗುಣ ಹುಡುಕುತ್ತಾರೆ, ನಾನು ಅಂಥವನಲ್ಲ, ನನ್ನ ಜತೆ ಬಾಳಿ ಎಂದು ಡಬ್ಬಿ ತೆರೆದು ಹಿಡಿದ.

ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ತಾನೇ ಎತ್ತಿ ಬೆರಳಿಗೆ ಹಾಕಿಕೊಂಡಳು. ಗೆರೆ ಎಳೆದಂತೆ ಕೂತಿತು.

"ಅಳತೆ ಹೆಂಗೆ ಸಿಕ್ತು?"

"ಬಿರಡೆ."

"ಅಯ್ಯೋ! ಹೆಡ್‌ಮಾಸ್ಟರು ಇನ್ನೂ ಬೆರಳು ನೋಯ್ತದೆ ಅಂತಾರೆ" ಎಂದು ನಕ್ಕಳು. ನಗು ಇಳಿದ ಮೇಲೆ ಮೆಲ್ಲನೆ ಕೇಳಿದಳು: "ಕಲ್ಲು ಹೆಂಗೆ ಆರಿಸಿದ್ರಿ ಸಾರ್?"

"ನೋಡಿದ ತಕ್ಷಣ ಇದೇ ಅನ್ನಿಸ್ತು."

"ಮೊದಲನೇ ಸಲಕ್ಕೇ?"

"ಮೊದಲನೇ ಸಲಕ್ಕೇ."

ಅವಳು ಉಂಗುರ ತೆಗೆದಳು. ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿ, ಇಬ್ಬರ ನಡುವೆ ಬಂಡೆಯ ಮೇಲಿಟ್ಟಳು.

"ಶುಕ್ರವಾರ ಮಾರಕ್ಕ ಎಲ್ಲಾ ಹೇಳಿದ್ರು. ಹಾಲು ಒಡೆದಿದ್ದು, ಅವ್ರ ಕೈ, ಕಾಲೇಜಲ್ಲಿ ಆ ಹುಡುಗಿಗೆ ಏಟಾಗಿದ್ದು. ನನ್ನ ತಮ್ಮ ಜಾಣ, ಕೆಟ್ಟ ಕಲ್ಲನ್ನ ವಾಪಸ್ ಕೊಟ್ಟು ಒಳ್ಳೇದು ತಂದ ಅಂತ ಖುಷಿಯಿಂದ ಹೇಳಿದ್ರು."

ಬೈರಯ್ಯ ಇಸ್ತ್ರಿ ಮಾಡಿದ ಶರ್ಟಿನ ತೋಳನ್ನು ಮಡಿಸತೊಡಗಿದ.

"ಬಸ್ಸಲ್ಲಿ ಬರ್ತಾ ಅಂದ್ಕೊಂಡೆ, ಇವತ್ತು ಇವ್ರೇ ಹೇಳ್ತಾರೆ, ಇಬ್ರೂ ಸೇರಿ ನಗ್ತೀವಿ ಅಂತ. ಹೆದರಿಕೆ ಆಯ್ತು ಮೇಡಂ ಅಂದಿದ್ರೆ ಮುಗೀತಿತ್ತು. ಯಾರಿಗಿಲ್ಲ ಹೆದರಿಕೆ? ನೀವು ಭಾಷಣ ಮಾಡಿದ್ರಿ."

"ತಪ್ಪಾಯ್ತು."

"ಕಲ್ಲಿಗೇನು ನೋವಾಗಲ್ಲ ಬಿಡಿ. ಫ್ಲಾಸ್ಕು ಯಾಕೆ ಒಡೀತು?"

ಅವನು ಸುಳ್ಳಿಗೆ ತಡಕಾಡಿದ. ಸಿಗಲಿಲ್ಲ. "ಬಿರುಕಿತ್ತು. ನಾನು ನೋಡ್ಲಿಲ್ಲ."

"ಹಂಗಂತ ಆ ಹುಡುಗಿಗೆ ಹೇಳಿದ್ರಾ?"

ಇಲ್ಲವೆಂದು ತಲೆಯಾಡಿಸಿದ.

"ನಮ್ಮತ್ತೆಗೂ ಗೊತ್ತಿತ್ತು ಸಾರ್, ಎಂಟು ದಿನ ಆಸ್ಪತ್ರೆಗೆ ಕರ್ಕೊಂಡು ಹೋಗ್ದೇ ಇದ್ದೋಳು ತಾನೇ ಅಂತ. ಹೆತ್ತೋಳು, ಅಷ್ಟು ಭಾರ ಹೊರೋಕೆ ಆಗ್ಲಿಲ್ಲ. ನನ್ನ ಕಾಲ ಮೇಲೆ ಇಳಿಸಿದ್ರು. ನಾನು ಟ್ರಂಕು ಹೊತ್ಕೊಂಡು ವಾಪಸ್ ಬಂದೆ, ಅವ್ರು ಹಗುರ ಆದ್ರು. ನಾಳೆ ನಿಮ್ಮ ಮನೇಲಿ ಇನ್ನೊಂದು ಫ್ಲಾಸ್ಕು ಒಡೀತದೆ. ಆವಾಗ ನಾನು ಇರ್ತೀನಿ, ಕೈಗೆ ಸಿಗೋ ಹಂಗೆ."

ಚಪ್ಪಲಿ ಮೆಟ್ಟಿಕೊಂಡು ಇಳಿದು ಹೋದಳು. ವಾಕಿಂಗಿಗೆ ಬಂದ ಮುದುಕರೊಬ್ಬರು, "ಏನಪ್ಪಾ, ಡಬ್ಬಿ ಬಿಟ್ಟು ಹೋಗ್ತಿದೀಯ" ಎಂದು ಕೂಗಿ ಕರೆದು ಕೊಡಬೇಕಾಯಿತು.

ಆ ವಾರ ಬೈರಯ್ಯ ಒಂದು ಕಾರ್ಯಕ್ರಮಕ್ಕೆ ಹೋಗಲಿಲ್ಲ, ಹೊಟ್ಟೆನೋವು ಎಂದು ಹೇಳಿಕಳಿಸಿದ. ಮನೆಯಲ್ಲಿ ಬಚ್ಚಲು ಉಜ್ಜಿದ, ಮತ್ತೆ ಉಜ್ಜಿದ. ಮಾರಕ್ಕ, "ನೆಲ ಸವದೋಗ್ತದೆ ಬಿಡ್ಲಾ" ಎಂದರೂ ಬಿಡಲಿಲ್ಲ. ಲ್ಯಾಬಿನಲ್ಲಿ ಪ್ರಿಯಂವದಾ ಹುಬ್ಬಿಗೆ ಪಟ್ಟಿ ಹಾಕಿಕೊಂಡು ಬಂದು, "ಬೈರಯ್ಯ ಸಾರ್, ನನಗೆ ಬರ್ನರ್ ಹತ್ರ ನಿಲ್ಲೋಕೇ ಭಯ. ನಂದೇ ಏನೋ ತಪ್ಪಾಯ್ತಲ್ವಾ? ಜಾಸ್ತಿ ಉರಿ ಇಟ್ಬಿಟ್ನಾ?" ಎಂದು ಕೇಳಿದಳು. ಇವನು ಬ್ಯೂರೆಟ್ ತೊಳೆಯುವವನಂತೆ ಬೆನ್ನು ತಿರುಗಿಸಿದ. ಉತ್ತರ ಕೊಡದೆ ತೊಳೆದ ಆ ಐದು ನಿಮಿಷ ಅವನ ಬಾಳಿನಲ್ಲೇ ನೀಚವಾದ ಐದು ನಿಮಿಷವೆಂದು ಅವನಿಗೇ ಗೊತ್ತಿತ್ತು.

ಶನಿವಾರ ಮಧ್ಯಾಹ್ನ ವಿಳಾಸ ಹುಡುಕಿಕೊಂಡು ಮಲ್ಲೇಶ್ವರದ ಹನ್ನೊಂದನೆಯ ಕ್ರಾಸಿನಲ್ಲಿದ್ದ ಪ್ರಿಯಂವದಾಳ ಮನೆಗೆ ಹೋದ. ಅವಳ ತಾಯಿ ವಿಶಾಲಾಕ್ಷಮ್ಮ ಜಗಲಿಯಲ್ಲಿ ಹೂ ಕಟ್ಟುತ್ತಿದ್ದರು. ಮಗಳ ಕಾಲೇಜಿನವರೆಂದು ಕುರ್ಚಿ ಹಾಕಿಸಿದರು, ಕಾಫಿ ತಂದು ಪಕ್ಕದ ಕಟ್ಟೆಯ ಮೇಲಿಟ್ಟರು.

"ನೋಡೋಕೆ ಬಂದ್ರಲ್ಲ, ಸಂತೋಷ" ಎಂದರು. "ಲೆಕ್ಚರರುಗಳೂ ಬರ್ಲಿಲ್ಲ. ನಿಮ್ದೇನು ತಪ್ಪು ಬಿಡಿ. ನಮ್ಮ ಹುಡುಗಿಗೆ ಸಾಡೇಸಾತಿ ನಡೀತಿದೆ. ಹೋದ ತಿಂಗಳೇ ಎಳ್ಳುದೀಪ ಹಚ್ಚು ಅಂದೆ, ಕೇಳ್ಲಿಲ್ಲ. ಅನುಭವಿಸ್ತಿದಾಳೆ. ಮುಖದ ಮೇಲೆ ಗೆರೆ ಬಿತ್ತು, ನಾಳೆ ಮದುವೆ ಮಾರ್ಕೆಟ್ಟಲ್ಲಿ ಯಾರು ಕೇಳ್ತಾರೆ?"

ಬಾಗಿಲ ಹಿಂದೆ ಪ್ರಿಯಂವದಾ ನಿಂತಿದ್ದಳು. ವಾರದಿಂದ ಈ ಮಾತು ಕೇಳಿ ಕೇಳಿ ಹುಡುಗಿಯ ಮುಖ ಬಾಡಿತ್ತು.

ಶನಿದೇವರು ತಾನಾಗಿ ಬಂದು ಬೈರಯ್ಯನ ಹೊರೆ ಇಳಿಸಿಕೊಳ್ಳಲು ನಿಂತಿದ್ದ. ಹೌದಮ್ಮ ಎಂದು ಕಾಫಿ ಕುಡಿದು ಎದ್ದರೆ ಯಾರಿಗೂ ನಷ್ಟವಿರಲಿಲ್ಲ. ಅವನು ಎದ್ದು ನಿಂತ.

"ಸಾಡೇಸಾತಿ ಅಲ್ಲಮ್ಮ. ನಾನು."

"ಏನಂದ್ರಿ?"

"ಫ್ಲಾಸ್ಕಲ್ಲಿ ಬಿರುಕಿತ್ತು. ನೋಡಿ ಕೊಡೋದು ನನ್ನ ಕೆಲಸ. ಅವತ್ತು ನೋಡ್ಲಿಲ್ಲ. ಒಡೆದ ಮೇಲೆ ಬಿರುಕು ಕಂಡ್ತು, ಕಸಕ್ಕೆ ಹಾಕಿ ಮುಚ್ಚಿಟ್ಟೆ. ಮಗೂದು ಏನೂ ತಪ್ಪಿಲ್ಲ. ಉರೀನೂ ಸರಿಯಾಗೇ ಇಟ್ಟಿದ್ಲು."

ವಿಶಾಲಾಕ್ಷಮ್ಮನವರ ಕೈಯ ಹೂವಿನ ದಾರ ನಿಂತಿತು. ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಕೆಂಪೇರಿತು.

"ಹನ್ನೆರಡು ದಿನ! ಹನ್ನೆರಡು ದಿನ ಸುಮ್ಮನಿದ್ದು ಈಗ ಬಂದು ಹೇಳ್ತಿದೀರಾ? ಕಣ್ಣು ಹೋಗಿದ್ರೆ ಏನ್ ಮಾಡ್ತಿದ್ರಿ? ನಾನು ಮಗಳನ್ನ ಬೈದು ಬೈದು... ನಿಮ್ಮಂಥೋರನ್ನ ನಂಬಿ ಹೆಣ್ಣು ಮಕ್ಕಳನ್ನ ಕಳಿಸ್ತೀವಲ್ರೀ!"

ನಿಮ್ಮಂಥೋರು ಎಂಬುದರಲ್ಲಿ ಏನೇನು ಸೇರಿತ್ತೋ. ಬೇರೆ ದಿನವಾಗಿದ್ದರೆ ಬೈರಯ್ಯ ಅಲ್ಲೇ ಬಿಡಿಸಿ ಕೇಳುತ್ತಿದ್ದ. ಅಂದು ಕೇಳುವ ಮುಖ ಇರಲಿಲ್ಲ. ಕೈಕಟ್ಟಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ.

ಬಾಗಿಲ ಹಿಂದಿನಿಂದ ಹುಡುಗಿ ಮುಂದೆ ಬಂದಳು. "ಅಮ್ಮ, ಕೇಳಿಸ್ತಾ? ನಂದಲ್ಲ. ನಂದಲ್ಲಮ್ಮ" ಎಂದವಳು ಬಿಕ್ಕಿ ಬಿಕ್ಕಿ ಅತ್ತಳು. ತಾಯಿ ಬೈಯುವುದನ್ನು ಬಿಟ್ಟು ಅವಳನ್ನು ಎಳೆದುಕೊಂಡರು. ಬೈರಯ್ಯ ಗೇಟು ತೆಗೆದುಕೊಂಡು ಹೊರಬಂದ. ಮನಸ್ಸು ಹಗುರವಾಗುತ್ತದೆಂದು ಪುಸ್ತಕಗಳಲ್ಲಿ ಓದಿದ್ದ. ಆಗಲಿಲ್ಲ. ಮಲ್ಲೇಶ್ವರದಿಂದ ಮೆಜೆಸ್ಟಿಕ್‌ವರೆಗೆ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತುಕೊಂಡೇ ಬಂದ.

ಸೋಮವಾರ ವಿಶಾಲಾಕ್ಷಮ್ಮನವರ ದೂರು ಪ್ರಿನ್ಸಿಪಾಲರಿಗೆ ತಲುಪಿತು. ಮಂಗಳವಾರ ಮೆಮೋ ಬಂತು. ಮೂರು ದಿನದೊಳಗೆ ಸಮಜಾಯಿಷಿ ಕೊಡಬೇಕು, ಇಲ್ಲದಿದ್ದರೆ ಶಿಸ್ತುಕ್ರಮ. ಹತ್ತೊಂಬತ್ತು ವರ್ಷದ ಸರ್ವಿಸಿನಲ್ಲಿ ಮೊದಲನೆಯದು. ಸಂಜೆ ಶಾಲೆ ಬಿಡುವ ಹೊತ್ತಿಗೆ ಬೈರಯ್ಯ ಅದನ್ನು ಹಿಡಿದುಕೊಂಡು ರಂಜಿನಿಯ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತ. ಅವಳು ಒಬ್ಬಳೇ ಕಾಪಿ ಪುಸ್ತಕ ತಿದ್ದುತ್ತಿದ್ದಳು.

"ಉತ್ತರ ಕೇಳೋಕೆ ಬಂದಿಲ್ಲ ಮೇಡಂ" ಎಂದ. "ಹೇಳ್ಬಿಟ್ಟೆ ಅಂತ ಹೇಳೋಕೆ ಬಂದೆ."

ನಿಂತಲ್ಲೇ ನಿಂತು ಎಲ್ಲ ಹೇಳಿದ. ಬ್ಯೂರೆಟ್ ತೊಳೆಯುತ್ತಾ ಬೆನ್ನು ತಿರುಗಿಸಿದ್ದನ್ನೂ ಬಿಡಲಿಲ್ಲ. ಅವಳು ಕೆಂಪು ಪೆನ್ನು ಕೆಳಗಿಡಲಿಲ್ಲ.

"ಮೆ‌ಮೋಗೆ ಏನ್ ಬರೀತೀರ?"

"ಬರ್ದಿದೀನಿ."

"ಕೊಡಿ."

ಅವನು ಕೊಟ್ಟ. ಮೂರನೆಯ ಕ್ಲಾಸಿನ ಹುಡುಗನಂತೆ ಮೇಜಿನ ಮುಂದೆ ಕೈಕಟ್ಟಿಕೊಂಡ. ಅವಳು ಓದಿದಳು: ದಿನಾಂಕ ಇಷ್ಟರಂದು ಕಾರ್ಯಭಾರದ ಒತ್ತಡದಲ್ಲಿ, ನನ್ನ ಕಣ್ತಪ್ಪಿನಿಂದ, ಬಿರುಕು ಬಿಟ್ಟ ಫ್ಲಾಸ್ಕನ್ನು ವಿದ್ಯಾರ್ಥಿನಿಗೆ ನೀಡಲಾಗಿ...

"ಕಾರ್ಯಭಾರ ಎಷ್ಟಿತ್ತು ಅವತ್ತು?"

"...ಇರ್ಲಿಲ್ಲ. ನಿಮಗೆ ಹೇಳೋ ಮಾತು ಬಾಯಿಪಾಠ ಮಾಡ್ತಿದ್ದೆ."

ಕೆಂಪು ಪೆನ್ನು ಒಂದು ಗೆರೆ ಎಳೆಯಿತು.

"ಕಣ್ತಪ್ಪು ಅಂದ್ರೆ ನೋಡ್ದಾಗ ಕಾಣ್ದೇ ಹೋಗೋದು. ನೀವು ನೋಡಿದ್ರಾ?"

"ಇಲ್ಲ."

ಇನ್ನೊಂದು ಗೆರೆ.

"ಬಿರುಕಿನ ಚೂರು ಕಸಕ್ಕೆ ಹಾಕಿದ್ದು ಎಲ್ಲಿ?"

"ಅದನ್ನ ಬರೆದ್ರೆ ಇನ್‌ಕ್ರಿಮೆಂಟು ಹೋಗತ್ತೆ ಮೇಡಂ."

ಅವಳು ಕಾಗದ ಅವನ ಕಡೆ ತಳ್ಳಿದಳು, ಬಿಳಿ ಹಾಳೆಯೊಂದನ್ನು ಕೊಟ್ಟಳು, ಕುರ್ಚಿ ಎಳೆದುಕೊಟ್ಟಳು. ಬೈರಯ್ಯ ಕೂತು ಬರೆದ. ಮೊದಲನೆಯ ಕಾಗದ ಒಂದು ಪುಟವಿತ್ತು, ಈಗ ನಾಲ್ಕೇ ಸಾಲಾಯಿತು. ಬರೆಯುವಾಗ ಕುತ್ತಿಗೆಯಿಂದ ಕಿವಿಯತನಕ ಉರಿ ಹತ್ತಿ ಇಳಿಯಿತು. ಸಹಿ ಮಾಡಿ ಕೊಟ್ಟ. ಅವಳು ಎರಡು ಸಲ ಓದಿದಳು. ಪೆನ್ನು ಮುಟ್ಟಿಸಲಿಲ್ಲ.

"ನಾಳೆ ಎಷ್ಟು ಹೊತ್ತಿಗೆ ಕೊಡ್ತೀರ ಇದನ್ನ?"

"ಹತ್ತೂವರೆಗೆ ಪ್ರಿನ್ಸಿಪಾಲರು ಬರ್ತಾರೆ."

"ನನಗೆ ನಾಳೆ ಸಿ.ಎಲ್. ಇದೆ. ಜತೇಲಿ ಬರ್ತೀನಿ."

"ಬೇಡ ಮೇಡಂ. ಅವ್ರು ಬಯ್ಯೋದು ನೀವ್ಯಾಕೆ ಕೇಳ್ಬೇಕು? ಅಲ್ದೆ ಯಾರಿವ್ರು ಅಂತ ಕೇಳ್ತಾರೆ."

"ಕೇಳ್ಲಿ. ಏನಂತೀರ?"

ಬೈರಯ್ಯ ಮೇಜಿನ ಮರದ ಗೆರೆಗಳನ್ನು ನೋಡುತ್ತಾ ಕೂತ.

"ಹೇಳಿ ಸಾರ್, ಏನಂತೀರ?"

"ಗೊತ್ತಾಗ್ತಿಲ್ಲ."

"ಮದುವೆ ಆಗೋಳು ಅನ್ನಿ" ಎಂದಳು ರಂಜಿನಿ, ಮುಂದಿನ ಕಾಪಿ ಪುಸ್ತಕ ತೆರೆಯುತ್ತಾ. "ಇಷ್ಟುದ್ದ ಭಾಷಣ ಮಾಡ್ತೀರ, ಅಷ್ಟು ಹೇಳೋಕೆ ಬಾಯಿ ಬರಲ್ವಾ?"

ಬೈರಯ್ಯ ಹೂಂ ಎಂದ. ತಲೆಯೆತ್ತಿ ಅವಳ ಮುಖ ನೋಡಲು ಮಾತ್ರ ಅಂದು ಅವನಿಂದಾಗಲಿಲ್ಲ.